ಅವನು ನೋಡದೆ ಬಿಟ್ಟ ದೀಪಗಳು

"ಬೆನ್ನ ಹಿಂದೆ ಏನದು?"

"ಏನಿಲ್ಲ ಸರ್."

"ಏನೂ ಇಲ್ದೆ ಗೋಡೆ ಮೇಲೆ ಎಲೆಗಳ ನೆರಳು ಹೇಗೆ ಆಡ್ತಿದೆ?"

ಅವಳು ಬೆನ್ನ ಹಿಂದಿದ್ದ ಕಾಗದದ ದೀಪವನ್ನು ಮುಂದೆ ತಂದಳು. ಲ್ಯಾಂಪ್‌ಶೇಡ್ ತಯಾರಿಸುವ ಆ ಕಾರ್ಖಾನೆಗೆ ಅವನು ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿ ಬಂದ ಮೊದಲ ದಿನವದು. 'ಹೇಳಿದಷ್ಟು ಮಾಡು' ಎಂದು ಹಳೆಯ ಮುಖ್ಯಸ್ಥರು ಗದರುತ್ತಿದ್ದರು. ಹಾಗಾಗಿ ತನ್ನದೆನ್ನುವುದನ್ನೆಲ್ಲ ಬಚ್ಚಿಡುವುದು ಅವಳಿಗೆ ರೂಢಿಯಾಗಿತ್ತು. ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು.

ಅವನು ಪರದೆ ಎಳೆದು, ನೆಲದ ಮೇಲೇ ಕುಳಿತ. ಕಾಗದದ ಪದರಗಳಿಂದ ಹಣಿಕಿದ ಬೆಳಕು ಅವನ ಮುಖದ ಮೇಲೆ ತೇಲಿತು.

"ಸರಿಯಿಲ್ಲ. ಬೆಳಕು ಕೆಳಗೆ ಸೋರ್ತಿದೆ," ಎಂದ. "ಇನ್ನೊಂದು ಮಾಡಿ. ಹಾಳಾದ್ರೆ ಹೊಣೆ ನಂದು."

ಹೊಣೆ ನಂದು... ಆ ರಾತ್ರಿ ಅವಳು ಆ ಮಾತನ್ನೇ ಹೊದ್ದು ಮಲಗಿದಳು.

ಆಮೇಲೆ ಕೈಗಳು ಸುಮ್ಮನಿರಲಿಲ್ಲ. ಮೋಡದಂಥ ಶೇಡ್, ಮುಟ್ಟಿದರೆ ಅರಳುವ ಶೇಡ್... ಹೆಚ್ಚಿನವು ಹಾಳಾದವು. ಹಾಳಾದಷ್ಟೂ ಅವಳಿಗೆ ಧೈರ್ಯ ಬಂತು.

ಮನೆಯಲ್ಲಿ ಅತ್ತಿಗೆ ಕೆಣಕಿದಳು. "ಹಾಲು ಉಕ್ಕಿ ಹೋಗ್ತಿದೆ, ನೋಡ್ತಾ ನಗ್ತಾ ನಿಂತಿದ್ದೀಯಲ್ಲೇ. ಯಾರಪ್ಪಾ ಆ ಪುಣ್ಯಾತ್ಮ?"

"ದೀಪದ ಯೋಚನೆ ಅತ್ತಿಗೆ."

"ಹೌದೌದು. ಈ ದೀಪಕ್ಕೆ ಮೀಸೆ ಇದ್ದ ಹಾಗಿದೆ."

ಒಂದು ಬೆಳಿಗ್ಗೆ ಅವನು ಮುಖ ನೋಡದೆ ಹೇಳಿದ: "ಇನ್ಮೇಲೆ ನಿಮ್ಮ ಸ್ಯಾಂಪಲ್‌ಗಳನ್ನ ಬಣ್ಣದ ವಿಭಾಗದ ಅಕ್ಕ ನೋಡ್ತಾರೆ."

ಮತ್ತೆ ಅವಳ ಮೇಜಿನ ಹತ್ತಿರವೂ ಬರಲಿಲ್ಲ.

'ನನ್ನ ಹುಚ್ಚಾಟ ಸಾಕಾಯಿತೇನೋ...' ಅವಳ ಕೈ ಮುದುಡಿತು. ಹೊಸ ಮಾದರಿ ಕೊಡಬೇಕಾದ ದಿನ ಅವಳು ಕೊಟ್ಟದ್ದು ಎಲ್ಲರೂ ಮಾಡುವಂಥ ದುಂಡು ಬಿಳಿ ಶೇಡ್.

ಅಕ್ಕ ಅದನ್ನು ತಿರುಗಿಸಿ ನೋಡಿದಳು. "ಇದನ್ನ ನಮ್ಮ ಮಷೀನು ನಿದ್ದೆಗಣ್ಣಲ್ಲೂ ಮಾಡುತ್ತೆ. ನಿಂದು ಎಲ್ಲಿ?"

"ಇನ್ನು ನನ್ನಿಂದ ಆಗಲ್ಲ ಅಕ್ಕ."

"ಮುನಿಸು ಅವರ ಮೇಲೆ, ಶಿಕ್ಷೆ ದೀಪಕ್ಕಾ? ಹೋಗಿ ಕೇಳು, ಹೋಗು."

ಹೋದಳು. ಸ್ಯಾಂಪಲ್ ಕೋಣೆಯಲ್ಲಿ ಅವನೊಬ್ಬನೇ ಇದ್ದ.

"ನನ್ನ ಕೆಲಸ ನಿಮಗೆ ಬೇಡವಾಯ್ತಾ?"

ಅವನು ಕೈಯಲ್ಲಿದ್ದ ಶೇಡನ್ನು ಕೆಳಗಿಟ್ಟ. "ನೀವು ಕೊನೆಗೆ ನನ್ನ ಹತ್ತಿರ ತಂದಿದ್ದ ಶೇಡ್ ಓರೆಯಾಗಿತ್ತು. ಅಕ್ಕ ತೋರಿಸೋವರೆಗೂ ನನಗೆ ಕಾಣಲೇ ಇಲ್ಲ."

"ಅಂದ್ರೆ?"

"ನಾನು ಶೇಡ್ ನೋಡ್ತಿರಲಿಲ್ಲ... ಅದನ್ನ ಹಿಡಿದಿದ್ದವರನ್ನ ನೋಡ್ತಿದ್ದೆ."

ಅವಳಿಗೆ ಕೋಣೆಯ ದೀಪಗಳೆಲ್ಲ ಒಮ್ಮೆ ನೀರಿನಲ್ಲಿ ತೇಲಿದಂತಾಯಿತು.

"ಹಾಗಾದ ಮೇಲೆ ನಾನು ಸರಿ ತಪ್ಪು ಹೇಳಿದ್ರೆ ನಿಮ್ಮ ಕೆಲಸಕ್ಕೆ ಮೋಸ. ಮನಸ್ಸು ಹೇಳ್ಕೊಂಡ್ರೆ, ಮುಖ್ಯಸ್ಥನಿಗೆ 'ಬೇಡ' ಅನ್ನೋಕೆ ನಿಮಗೆ ಕಷ್ಟ. ಅದಕ್ಕೇ ದೂರ ನಿಂತೆ."

"ದೂರ ನಿಂತಿದ್ದು ಸರಿ," ಎಂದಳು ಅವಳು. "ಹೇಳದೆ ನಿಂತಿದ್ದು ತಪ್ಪು. ನಾನು ಕನಸು ಕಾಣೋದನ್ನೇ ಬಿಟ್ಟುಬಿಟ್ಟಿದ್ದೆ."

"ತಪ್ಪಾಯ್ತು," ಎಂದ ಅವನು ಮೆಲ್ಲಗೆ.

ಮಾರನೆಯ ಸಂಜೆ ಕಾರ್ಖಾನೆಯ ಗೇಟಿನ ಬಳಿ ಅವನು ಕೇಳಿದ: "ನೀವು ಹೊಸದಾಗಿ ಮಾಡಿದ್ದಕ್ಕೆ ಅಕ್ಕ ಏನಂದ್ರು?"

"ತೂಕ ಜಾಸ್ತಿ, ಮತ್ತೆ ಮಾಡು ಅಂದ್ರು. ಆದ್ರೆ ಇದು ನಿಂದೇ ಅಂತಾನೂ ಅಂದ್ರು."

"ಬೇಜಾರಾಯ್ತಾ?"

"ಇಲ್ಲ. ತಲೇಲಿ ಇನ್ನೂ ಏನೇನೋ ಬರ್ತಿದೆ. ಹೇಳಲಾ?"

"ನಾನು ಅಭಿಪ್ರಾಯ ಹೇಳಲ್ಲ."

"ಬೇಡ. ಪಕ್ಕದಲ್ಲಿ ನಡೀತಾ ಕೇಳಿ, ಸಾಕು."

ನಡೆದರು. ಬೀದಿ ದೀಪಗಳು ಒಂದೊಂದಾಗಿ ಹತ್ತಿಕೊಂಡವು.

"'ಬೇಡ' ಅನ್ನೋಕೆ ನನಗೆ ಕಷ್ಟ ಅಂದ್ರಲ್ಲ... ಏನೂ ಕಷ್ಟ ಇಲ್ಲ," ಎಂದಳು ಅವಳು, ಮುಂದೆ ನೋಡುತ್ತಲೇ.

ಅವನು ನಿಂತುಬಿಟ್ಟ.

"ಆದ್ರೂ... ಅನ್ನಲ್ಲ."