ಕೂಡ್ಲಿಗಿಯ ನಲವತ್ತು ನಿಮಿಷ

ಬೆಳಗ್ಗೆ ಏಳು ಹತ್ತಕ್ಕೆ ಹಾವಿನ ಸಹಾಯವಾಣಿ ಸತ್ತಿತು. ಏಳು ಐವತ್ತಕ್ಕೆ ತಾನಾಗಿಯೇ ಎದ್ದು ಕೂತಿತು. ನಡುವಿನ ನಲವತ್ತು ನಿಮಿಷದಲ್ಲಿ, ತೆಲಿಗಿ ಹತ್ತಿರ ಕುರಿ ಮೇಯಿಸುತ್ತಿದ್ದ ಗಾದೆಪ್ಪನಿಗೆ ಹಾವು ಕಚ್ಚಿತ್ತು. ಹಾವಿನ ಮದ್ದು ಈಗ ಯಾವ ಆಸ್ಪತ್ರೆಯಲ್ಲಿದೆ ಎಂದು ಆ ಸಹಾಯವಾಣಿ ಹೇಳಬೇಕಿತ್ತು. ಹೆಂಡತಿ ದ್ಯಾಮಕ್ಕ ಹನ್ನೊಂದು ಸಲ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಸಿಕ್ಕ ಆಟೋದಲ್ಲಿ ಎರಡು ಖಾಸಗಿ ದವಾಖಾನೆ ಸುತ್ತಿದರು. ಮೂರನೆಯದನ್ನು ಮುಟ್ಟುವಷ್ಟರಲ್ಲಿ ಗಾದೆಪ್ಪ ಹೋಗಿಬಿಟ್ಟಿದ್ದ.

ಯಾರು ನಿಲ್ಲಿಸಿದರು?

ಇದೊಂದನ್ನೇ ಕೇಳುತ್ತ ದ್ಯಾಮಕ್ಕ ಆರು ದಿನದಿಂದ ಕೂಡ್ಲಿಗಿಯ ಸಹಾಯವಾಣಿ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಪರಿಹಾರದ ಮಾತೆತ್ತಿದವರನ್ನು ಬೈದು ಕಳಿಸಿದ್ದಳು. ಅವಳಿಗೆ ಹೆಸರು ಬೇಕಿತ್ತು.

ಹೊಸಪೇಟೆಯಿಂದ ಗಂಗಾಂಬಿಕಾ ಅವರನ್ನು ಕರೆಸಿದ್ದು ಅದಕ್ಕೇ. ಕಂಪ್ಯೂಟರಿನೊಳಗೆ ಕೈಯಾಡಿಸಿದವರನ್ನು ಹಿಡಿಯುವುದು ಅವರ ಕಸುಬು. ನಾನು ಮೌನೇಶ— ಅವರ ಕಾರು ಓಡಿಸುತ್ತೇನೆ, ಟಿಪ್ಪಣಿ ಬರೆಯುತ್ತೇನೆ, ನಡುನಡುವೆ ಬೈಸಿಕೊಳ್ಳುತ್ತೇನೆ.

ಕಚೇರಿ ಎಂದರೆ ಹಳೆಯ ಶೇಂಗಾ ಗೋದಾಮು. ಒಳಗೆ ಗಾಜಿನ ಕೋಣೆ, ಅದರಲ್ಲಿ ಎರಡು ಸರ್ವರ್. ಐದು ತಾಲ್ಲೂಕುಗಳ ಫೋನ್ ಸೇವೆಗಳೆಲ್ಲ ಅವೆರಡರಲ್ಲೇ ಓಡುತ್ತಿದ್ದವು.

ಸಹಾಯವಾಣಿಯನ್ನು ಕಟ್ಟಿದವಳು ಶಿವಲೀಲಾ. ಇಪ್ಪತ್ತೇಳರ ಹುಡುಗಿ, ಕಣ್ಣು ಊದಿಕೊಂಡಿದ್ದವು.

"ದಿನಾ ಆ ದ್ಯಾಮಕ್ಕಗ ನೀರು ಕೊಡಾಕ ಹೋಗ್ತೀನ್ರಿ. ಹೆಸರು ಸಿಕ್ಕ ಕೂಡಲೇ ನಾನೇ ಬಂದು ಹೇಳ್ತೀನಿ ಅಂತ ಮಾತು ಕೊಟ್ಟೀನಿ. ಹುಡುಕಿ ಕೊಡ್ರಿ, ಅಕ್ಕಾರ."

ನಾನು ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದೆ. ಅವಳು ಲೋಟದ ಮೇಲೆ ಅಂಗೈ ಅಡ್ಡ ಹಿಡಿದಳು.

"ಅರ್ಧ ಸಾಕ್ರಿ."

ನಮ್ಮ ಕಡೆ ಆ ಮಾತನ್ನು ಯಾರು ನಂಬುತ್ತಾರೆ? ಕೈ ಸರಿಸಿ ತುಂಬ ಹಾಕಿದೆ. ಪೂರ್ತಿ ಕುಡಿದಳು. ಗಂಗಾಂಬಿಕಾ ಅದನ್ನು ನೋಡುತ್ತಿದ್ದರು. ನಾನು ಮರೆತೆ.

ಮೊದಲು ಗುರುಬಸವರಾಜನ ವಿಚಾರಣೆ. ಹಡಗಲಿ ಮಲ್ಲಿಗೆಯ ದರ ತಿಳಿಸುವ ಸೇವೆ ಅವನದು.

"ಸಹಾಯವಾಣಿ ಇಲ್ಲಿಂದ ತೆಗೀರಿ ಅಂತ ನೀವು ಜಗಳ ಮಾಡಿದ್ರಂತ?"

"ಮಾಡೀನ್ರಿ. ಜಾಗ ಇಕ್ಕಟ್ಟು ಐತಿ ಅಂದೆ. ಅಂದ ಮಾತ್ರಕ್ಕ ನಾನೇ ಕೊಂದೆ ಅಂತೀರೇನು?"

"ಏಳು ಹತ್ತಕ್ಕ ಎಲ್ಲಿದ್ರಿ?"

"ಹಡಗಲಿ ಹೂವಿನ ಮಾರ್ಕೆಟ್ಟಿನ್ಯಾಗ. ಎಲ್ಲಾರೂ ದರ ಕೇಳೋ ಹೊತ್ತದು. ನೂರು ಮಂದಿ ನೋಡ್ಯಾರ!"

ಆಮೇಲೆ ವ್ಯವಸ್ಥಾಪಕ ಗವಿಸಿದ್ದೇಶ್. ಹದಿನೈದು ದಿನದ ಹಿಂದೆ ಸರ್ವರಿನ ನಿಯಮ ಬದಲಾಯಿಸಿದ್ದವನು ಇವನೇ.

"ಏನು ಬದಲಾಯಿಸಿದ್ರಿ?"

"ಶೆಡ್ಯೂಲರ್‍ರಿ. ಒಂದೊಂದು ಸೇವಾಕ್ಕ ಒಂದೊಂದು ಡಬ್ಬಿ ಅಂತ ತಿಳ್ಕೋರಿ, ಕಂಟೇನರ್ ಅಂತೀವಿ. ಯಾವ ಡಬ್ಬಿ ಯಾವ ಸರ್ವರಿನ್ಯಾಗ ಕೂಡಬೇಕು ಅಂತ ಶೆಡ್ಯೂಲರ್ ಹೇಳ್ತೈತಿ. ಮೊದಲು ಹರವಿ ಇಡ್ತಿತ್ತು. ಒತ್ತಿ ತುಂಬು ಅಂತ ನಾನು ಬರೆದೆ. ಮೂರು ಸರ್ವರಿನ ಕೆಲಸ ಎರಡರಾಗ ಹಿಡೀತು! ಮೂರನೇದು ಮಾರಿಬಿಟ್ವಿ." ಹೇಳುವಾಗ ಅವನ ಮುಖದಲ್ಲಿ ಇನ್ನೂ ಹೆಮ್ಮೆಯಿತ್ತು.

"ಆವತ್ತು ಸಹಾಯವಾಣೀನ ಯಾರರ ಬೇಕಂತ ನಿಲ್ಲಿಸ್ಯಾರೇನು?"

"ದಾಖಲಿ ನೋಡ್ರಿ. ಯಾರ ಕೈಯೂ ಬಿದ್ದಿಲ್ಲ."

ಗಂಗಾಂಬಿಕಾ ದಾಖಲೆ ನೋಡಿದರು. ನಿಜ, ಆವತ್ತು ಬೆಳಗ್ಗೆ ಒಬ್ಬರೂ ಒಳಗೆ ಹೋಗಿರಲಿಲ್ಲ. ಮತ್ತೆ ಕೊಂದವರು?

"ಸೇವಾ ಶುರು ಮಾಡೋ ಮುಂಚೆ ಎಲ್ಲಾರೂ ಏನರ ಬರ್ದು ಕೊಡ್ತೀರೇನು?" ಅವರು ಇದ್ದಕ್ಕಿದ್ದಂತೆ ಕೇಳಿದರು.

"ಎಷ್ಟು ಮೆಮೊರಿ ಬೇಕು ಅಂತ ಒಂದು ಸಾಲು ರಿ. ಅದನ್ನ ಯಾರೂ ತಿರುಗಿ ನೋಡಂಗಿಲ್ಲ."

"ನಾನು ನೋಡ್ತೀನಿ."

ಹತ್ತು ನಿಮಿಷ ನೋಡಿದರು. ಆಮೇಲೆ ಎಲ್ಲರನ್ನೂ ಕೂರಿಸಿದರು. ಗುರುಬಸವರಾಜ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಕೂತ.

"ಕೊಂದಿದ್ದು ಯಂತ್ರ," ಎಂದರು. "ಹೊಟ್ಟೆಕಿಚ್ಚಿಗಲ್ಲ. ಒತ್ತಿ ತುಂಬುವಾಗ ಅದು ಯಾರು ಎಷ್ಟು ತಿಂತಾರ ಅಂತ ನೋಡಂಗಿಲ್ಲ, ಎಷ್ಟು ಕೇಳ್ಯಾರ ಅಂತ ನೋಡ್ತೈತಿ. ಗುರುಬಸವರಾಜ್, ನೀವು ಎಂಟು ಜಿಬಿ ಕೇಳೀರಿ. ಉಳಿದ ಹೊತ್ತಿನ್ಯಾಗ ಎರಡೂ ಸಾಕು ನಿಮಗ. ಬೆಳಿಗ್ಗಿ ಏಳಕ್ಕ ಮಾತ್ರ ಏಳು ತಿಂತೀರಿ. ಆವತ್ತೂ ಹಂಗೇ ಆತು, ಜಾಗ ಸಾಲಲಿಲ್ಲ. ಆಗ ಅದು ಯಾರನ್ನ ಮೊದಲು ಎಬ್ಬಿಸಿ ಹೊರಗ ಹಾಕ್ತೈತಿ? ಹೆಚ್ಚು ತಿನ್ನೋರನ್ನಲ್ಲ— ಕೇಳಿದ್ದಕ್ಕಿಂತ ಹೆಚ್ಚು ತಿನ್ನೋರನ್ನ. ಎಂಟು ಕೇಳಿ ಏಳು ತಿಂದವರು ಉಳದ್ರು. ಅರ್ಧ ಕೇಳಿ ಎರಡು ತಿಂದವರು ಹೊರಗ ಬಿದ್ರು. ಮಾರ್ಕೆಟ್ ಮುಗಿದು ಜಾಗ ಆದ ಮ್ಯಾಲ ತಿರುಗಿ ಒಳಗ ಬಂದ್ರು. ನಲವತ್ತು ನಿಮಿಷ."

"ಅರ್ಧ ಕೇಳಿದ್ದು ಯಾರು?" ನಾನು ಕೇಳಿದೆ. ಕೇಳಬಾರದಿತ್ತು.

"ನಿನ್ನ ಚಹಾ ನೋಡಿದಾಗಲೇ ನನಗ ಅನುಮಾನ ಬಂತು, ಮೌನೇಶ. ಶಿವಲೀಲಾ, ಅರ್ಧ ಜಿಬಿ ಅಂತ ಬರೆದಾಕಿ ನೀನು."

ಶಿವಲೀಲಾ ಗಾಜಿನ ಕೋಣೆಯ ಕಡೆ ಕೈ ತೋರಿಸಿದಳು. "ಎಲ್ಲಾರ ಸರ್ವರ್ ಅಲ್ರೀ ಅದು? ಹೆಚ್ಚಿಗಿ ಕೇಳಾಕ ನಾಚಿಕಿ ಆತು. ಬೇಕಾದ್ರ ಹಾಕ್ತಾರ ಅಂತ ತಿಳ್ಕೊಂಡಿದ್ದೆ. ಮೂರು ಸರ್ವರ್ ಇದ್ದಾಗ ನಡೀತಿತ್ತು ರಿ..."

ಊಟದ ಪಂಕ್ತಿಯಲ್ಲಿ ನಾವೆಲ್ಲ ಹೀಗೇ ಬೆಳೆದವರು. ಸಾಕು ಎನ್ನುವುದು, ಬಡಿಸುವವರು ಇನ್ನೊಂದು ಸೌಟು ಹಾಕುವುದು. ಯಂತ್ರ ಅವಳ ಮಾತನ್ನು ನಂಬಿಬಿಟ್ಟಿತ್ತು. ನನಗೆ ಅಳು ಬಂತು, ಮುಚ್ಚಿಡುವುದಿಲ್ಲ.

ಅವಳು ಕಣ್ಣೊರೆಸಿಕೊಂಡು ಕೀಲಿಮಣೆಗೆ ಹೋದಳು. ಅರ್ಧ ಅಳಿಸಿ ಎರಡು ಎಂದು ಬರೆದಳು. ಸಹಾಯವಾಣಿ ಒಮ್ಮೆ ನಿಂತು ಮತ್ತೆ ಏಳಬೇಕಿತ್ತು. ಏಳಲಿಲ್ಲ. ಪರದೆಯ ಮೇಲೆ 'ಪೆಂಡಿಂಗ್' ಎಂದು ಬಂತು— ಜಾಗವಿಲ್ಲ, ಕಾಯುತ್ತಿದೆ.

"ಹೆಂಗ? ಅದು ನಿಂತಾಗ ಎರಡು ಜಿಬಿ ಖಾಲಿ ಆಗಿತ್ತಲ್ಲ!" ಗವಿಸಿದ್ದೇಶ್ ಪರದೆಗೆ ಮುಖವಿಟ್ಟ.

ಗುರುಬಸವರಾಜ ಲ್ಯಾಪ್‌ಟಾಪ್ ಮುಚ್ಚಿದ. "ಈಗ ಅಕ್ಕಾರು ಹೇಳೋದು ಕೇಳಿದೆ. ನಾಳೆ ನಾನೂ ಹೊರಗ ಬಿದ್ರ? ಎಂಟಿದ್ದದ್ದನ್ನ ಆಗಲೇ ಹತ್ತು ಮಾಡ್ಕೊಂಡೆ."

"ಇಳಿಸ್ರಿ!" ಗಂಗಾಂಬಿಕಾ ಗದರಿದರು.

"ಈ ಕೋಣಿ ಕರೆಂಟ್ ಬಿಲ್ ಕಟ್ಟೋದು ನನ್ನ ಮಲ್ಲಿಗಿ ದರ. ಇಳಿಸಂಗಿಲ್ಲ."

ಶಿವಲೀಲಾ ಮತ್ತೆ ಅರ್ಧ ಎಂದು ಬರೆದಳು. ಪೆಂಡಿಂಗ್. ಅಷ್ಟಕ್ಕೂ ಜಾಗ ಉಳಿದಿರಲಿಲ್ಲ.

"ಮುಂದಿನ ವರ್ಷ ಇನ್ನೊಂದು ಸರ್ವರ್ ತರೋಣಂತ," ಎಂದ ಗವಿಸಿದ್ದೇಶ್.

ಶಿವಲೀಲಾ ಎದ್ದು ಮೆಟ್ಟಿಲ ಹತ್ತಿರ ಹೋದಳು. ಬೇಡವೆಂದರೂ ಕೇಳಲಿಲ್ಲ. ದ್ಯಾಮಕ್ಕನ ಎದುರು ಕುಕ್ಕರಗಾಲಲ್ಲಿ ಕೂತಳು.

"ಹೆಸರು ಸಿಕ್ತು, ದ್ಯಾಮಕ್ಕ. ನಂದು."

ದ್ಯಾಮಕ್ಕ ತಲೆ ಎತ್ತಿದಳು. ಆರು ದಿನ ಇವಳ ಕೈಯಿಂದಲೇ ನೀರು ಕುಡಿದಿದ್ದಳು. "ಏನು ಮಾಡಿದಿ?"

"ಅರ್ಧ ಸಾಕು ಅಂದೆ."

"ಅಷ್ಟ? ಎಲ್ಲಾರೂ ಅಂತಾರ. ಅದು ಇನ್ನೊಮ್ಮೆ ಕೇಳಲಿಲ್ಲೇನು?"

"ಇಲ್ಲ."

"ಇಷ್ಟು ಮಂದಿ ಅದೀರಿ. ನೀವರ ಕೇಳಲಿಲ್ಲೇನು?"

ನಾವು ಬಾಗಿಲಲ್ಲಿ ನಿಂತಿದ್ದೆವು.

"ಹೋಗಲಿ. ಈಗರ ಅದು ಮಾತಾಡ್ತೈತೇನು?"

ದ್ಯಾಮಕ್ಕ ಸೆರಗಿನ ಗಂಟಿನಿಂದ ಫೋನ್ ತೆಗೆದು, ಹನ್ನೆರಡನೇ ಸಲ ಆ ನಂಬರ್ ಒತ್ತಿ, ಎಲ್ಲರಿಗೂ ಕೇಳಲೆಂದು ಅಂಗೈ ಮೇಲೆ ಹಿಡಿದಳು. ಅದು ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.