ನಿಂತಲ್ಲೇ ತಿರುಗಿದವನು

ಕಣ್ಣು ಮುಚ್ಚಿಕೊಂಡ ಆ ಗಂಡಸು ಎರಡೂ ಕೈ ಮುಂದಕ್ಕೆ ಚಾಚಿ, ನಿಂತಲ್ಲೇ ಹೆಜ್ಜೆ ಎತ್ತಿ ಇಡುತ್ತಿದ್ದ. ತಾನು ಡಾಕ್ಟರ ಎದುರಿಗೇ ನಿಂತಿದ್ದೇನೆ ಎಂದು ಅವನ ನಂಬಿಕೆ.

ಆದರೆ ಪ್ರತಿ ಹೆಜ್ಜೆಗೂ ಅವನು ಸ್ವಲ್ಪ ಸ್ವಲ್ಪವೇ ಎಡಕ್ಕೆ ತಿರುಗುತ್ತಿದ್ದ. ಕಾಗದ ಹಿಡಿದು ಗೋಡೆಯ ಪಕ್ಕ ನಿಂತಿದ್ದ ಸುವರ್ಣಳ ಕಡೆಗೇ ತಿರುಗುತ್ತಿದ್ದ.

"ಸಾಕು. ಕಣ್ಣು ತಗೀರಿ" ಎಂದರು ಡಾಕ್ಟರ್ ಗೋಪಾಲಕೃಷ್ಣ.

ತೆರೆದ. ಎದುರಿಗೆ ಡಾಕ್ಟರ್ ಇರಲಿಲ್ಲ. ಯಾರೋ ಹುಡುಗಿ... ಅವನ ಬೆರಳ ತುದಿಯಿಂದ ಒಂದು ಗೇಣು ದೂರದಲ್ಲಿ!

ಬಾಗಿಲಲ್ಲಿ ಸರದಿಗೆ ಕಾಯುತ್ತಿದ್ದವರು ಗೊಳ್ಳೆಂದು ನಕ್ಕರು.

"ಡಾಕ್ಟ್ರನ್ನ ಬಿಟ್ಟು ಹುಡುಗಿ ಕಡಿ ಹೊಂಟಾನ ನೋಡ್ರಲೇ."

ಅವನ ಮುಖ ಕಪ್ಪಿಟ್ಟಿತು. ಚಾಚಿದ ಕೈಗಳನ್ನು ಇಳಿಸುವುದನ್ನೂ ಮರೆತು ಅವಳನ್ನೇ ನೋಡಿದ. ಸುವರ್ಣ ನಗಲಿಲ್ಲ. ನಗಬಾರದೆಂದೇನೂ ಅಲ್ಲ... ಆ ಕಣ್ಣುಗಳಲ್ಲಿದ್ದ ಗಾಬರಿ ಅವಳಿಗೆ ಕಂಡಿತ್ತು.

ಎಂಬತ್ಮೂರನೇ ಇಸವಿಯ ಬೇಸಿಗೆ. ಬಳ್ಳಾರಿಯ ಗಾಂಧಿನಗರದಲ್ಲಿದ್ದ ಆ ಕಿವಿ ದವಾಖಾನೆಯಲ್ಲಿ ಸುವರ್ಣಳದು ಪ್ರಶ್ನೆ ಕೇಳುವ ಕೆಲಸ. ಕಿವಿಯ ಒಳಭಾಗ ಕೆಟ್ಟು ಸಮತೋಲ ತಪ್ಪಿದವನ ತಲೆ ಎಷ್ಟು ತಿರುಗುತ್ತದೆ ಎಂಬುದನ್ನು ಡಾಕ್ಟರು ಹೀಗೆ ಹೆಜ್ಜೆ ಹಾಕಿಸಿ ತಿಳಿಯುತ್ತಿದ್ದರು. ಅದರಿಂದ ಅವನ ದಿನನಿತ್ಯದ ಬದುಕು ಎಷ್ಟು ಕೆಟ್ಟಿದೆ ಎಂಬುದನ್ನು ಅಳೆಯಲು ಒಂದಿಷ್ಟು ಪ್ರಶ್ನೆ ಸಿದ್ಧಮಾಡಿದ್ದರು. ಉತ್ತರಕ್ಕೆ ತಕ್ಕ ಅಂಕ; ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಕೆಲವು ತಿಂಗಳು ಔಷಧಿ ಕೊಟ್ಟು, ಮತ್ತೆ ಅವೇ ಪ್ರಶ್ನೆ.

ಅವನ ಹೆಸರು ಗವಿಸಿದ್ದಪ್ಪ. ಊರು ಸಿರುಗುಪ್ಪ. ಬಸ್ ಡ್ರೈವರ್.

"ಬಗ್ಗಿದ್ರ ತಲಿ ತಿರುಗ್ತೈತೇನ್ರಿ?"

"ಇಲ್ರಿ."

"ಸಂತಿಯೊಳಗ ಅಡ್ಡಾಡಾಕ ತ್ರಾಸ ಆಗ್ತೈತೇನ್ರಿ?"

"ಇಲ್ರಿ."

"ಮನಿಯಾಗ ಒಬ್ಬರೇ ಇರಾಕ ಅಂಜಿಕಿ?"

"ನನ್ನ ನೋಡಿದ್ರ ಅಂಜೋನ ಹಂಗ ಕಾಣ್ತೀನೇನ್ರಿ?"

ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು, ಸ್ಟೇರಿಂಗ್ ಮುಟ್ಟಬಾರದು ಎಂದು. ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು ಹೋದ.

ಆ ಸಂಜೆ ಸುವರ್ಣ ಕುರುಗೋಡಿನ ತನ್ನ ಮನೆಗೆ ಹೋಗಲು ಸಿರುಗುಪ್ಪದ ಬಸ್ಸು ಹತ್ತಿದಳು. ಡ್ರೈವರ್ ಸೀಟಿನಲ್ಲಿ ಅವನೇ ಕುಳಿತಿದ್ದ.

ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು. ಅವನು ಮೊದಲು ಕಣ್ಣು ತಪ್ಪಿಸಿದ.

ಅವಳು ಕುರುಗೋಡಿನಲ್ಲಿ ಇಳಿಯುವಾಗ ಅವನು ಮೆಲ್ಲನೆ ಅಂದ, "ಮೇಡಂ, ಹೇಳಬ್ಯಾಡ್ರಿ."

ಅವಳು ಹೇಳಲಿಲ್ಲ. ಅಲ್ಲಿಂದಲೇ ಎಲ್ಲ ಶುರುವಾಯಿತು.

ದಿನಾ ಸಂಜೆ ಅವಳು ಡ್ರೈವರ್ ಹಿಂದಿನ ಸೀಟಿನಲ್ಲೇ ಕೂರತೊಡಗಿದಳು. ಅವನು ದವಾಖಾನೆಯಲ್ಲಿ ಹೇಳದಿದ್ದುದನ್ನೆಲ್ಲ ರಸ್ತೆಯ ಮೇಲೆ ಕಣ್ಣಿಟ್ಟೇ ಒಂದೊಂದಾಗಿ ಹೇಳತೊಡಗಿದ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಬಚ್ಚಲಲ್ಲೇ ಬೀಳುತ್ತಾನಂತೆ. ಅಟ್ಟದ ಮೇಲಿನ ಡಬ್ಬಿಗೆ ತಲೆ ಎತ್ತಿದರೆ ಗೋಡೆಯೇ ಮೈಮೇಲೆ ಬಂದಂತಾಗುತ್ತದಂತೆ. ಕಿವಿಯೊಳಗೆ ಅಕ್ಕಿ ಮಿಲ್ಲು ಓಡಿದ ಹಾಗೆ ಸದ್ದು. ಅದು ಜೋರಾದರೆ ತಲೆ ತಿರುಗುವುದು ಖಾತ್ರಿ.

"ಮತ್ತ ಗಾಡಿ ಯಾಕ ಹೊಡಿತೀರಿ?"

"ಇದನ್ನ ಬಿಟ್ರ ನಾನ್ಯಾರು ಹೇಳ್ರಿ? ನಮ್ಮ ಮನಿಯಾಗ ನನ್ನ ಹೆಸರು ಹಿಡಿದು ಯಾರೂ ಕರೆಯಲ್ಲ. 'ಡ್ರೈವರ್ ಬಂದ' ಅಂತಾರ. ಅಷ್ಟ ಐತಿ ನನಗ."

ಅವನು ನಕ್ಕರೆ ಕನ್ನಡಿಯಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣಿಗಾಗಿ ಸುವರ್ಣ ಸೀರೆ ಆರಿಸಿ ಉಡತೊಡಗಿದಳು. ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು... ಬಸ್ಸಿನ ತುಂಬ ಜನ. ಆದರೆ ಹೇಳಿಬಿಟ್ಟರೆ ನಾಳೆ ಸಂಜೆ ಈ ಕಣ್ಣು ಎಲ್ಲಿ?

ಒಂದು ಸಂಜೆ, ದಾರಿಯ ಕಾಲುವೆಯ ಹತ್ತಿರ ಅದು ನಡೆದೇ ಹೋಯಿತು.

ಅವನ ತಲೆ ಥಟ್ಟನೆ ಎಡಕ್ಕೆ ವಾಲಿತು. ಬಸ್ಸು ರಸ್ತೆ ಬಿಟ್ಟು ಏರಿಯ ಮಣ್ಣಿಗೆ ಇಳಿಯಿತು. ಹೇಗೆ ಬ್ರೇಕ್ ಒತ್ತಿದನೋ, ಮುಂದಿನ ಗಾಲಿ ನೀರಿನ ಅಂಚಿನಲ್ಲಿ ನಿಂತಿತು. ಸುವರ್ಣಳ ಪಕ್ಕದ ಬಾಣಂತಿಯ ಕೈಯಿಂದ ಕೂಸು ಜಾರಿ ಕೆಳಗೆ ಬಿದ್ದು ಕಿರುಚಿತು. ಅವನು ಸ್ಟೇರಿಂಗ್ ಅಪ್ಪಿಕೊಂಡು ವಾಂತಿ ಮಾಡುತ್ತಿದ್ದ.

"ಕುಡುದಾನ ನನ್ನ ಮಗ" ಎಂದು ಒಬ್ಬ ಅವನ ಕಪಾಳಕ್ಕೆ ಹೊಡೆದ. ಮತ್ತೊಬ್ಬ ಒದ್ದ. ಹೊಡೆಸಿಕೊಳ್ಳುವಾಗಲೂ ಗವಿಸಿದ್ದಪ್ಪ ಸ್ಟೇರಿಂಗ್ ಬಿಡಲಿಲ್ಲ. ಬಿಟ್ಟರೆ ಭೂಮಿಯಿಂದಲೇ ಉರುಳಿ ಹೋಗುವವನ ಹಾಗೆ ಹಿಡಿದಿದ್ದ.

ಜನ ಇಳಿದ ಮೇಲೆ ಸುವರ್ಣ ಕೇಳಿಕೊಂಡಳು. "ನಾಳಿಂದ ಬ್ಯಾಡ. ನನ್ನ ಸಲುವಾಗಿ."

"ಆತು" ಎಂದ.

ಮರುದಿನ ಸಂಜೆ ಅದೇ ಸೀಟಿನಲ್ಲಿ ಅವನೇ ಕೂತಿದ್ದ. ಕಪಾಳ ಊದಿಕೊಂಡಿತ್ತು. ಅವಳು ಬಸ್ಸು ಹತ್ತಲಿಲ್ಲ. ನೇರ ಬಸ್ಸಿನ ಮಾಲೀಕ ವಿರೂಪಾಕ್ಷಪ್ಪನ ಆಫೀಸಿಗೆ ಹೋಗಿ ಎಲ್ಲ ಹೇಳಿದಳು.

ವಿರೂಪಾಕ್ಷಪ್ಪ ಸಮಾಧಾನದಿಂದ ಕೇಳಿಸಿಕೊಂಡ. "ಚಲೋ ಮಾಡಿದೆವ್ವಾ. ನಮ್ಮ ಹುಡುಗ ಅವ. ಟಿಕೆಟ್ ಬುಕಿಂಗಿಗೆ ಕುಂದ್ರಸ್ತೀನಿ ಬಿಡು."

ಸುವರ್ಣ ನಂಬಿದಳು. ನಂಬದೆ ಏನು ಮಾಡಿಯಾಳು?

ಮರುದಿನ ಬೆಳಿಗ್ಗೆ ಅವಳು ಬಳ್ಳಾರಿಯ ಬಸ್ ಸ್ಟ್ಯಾಂಡಿಗೆ ಬಂದಿಳಿದಾಗ ಜನ ಗುಂಪುಗೂಡಿದ್ದರು. ನಡುವೆ ಗವಿಸಿದ್ದಪ್ಪ. ಅವನ ಕಣ್ಣಿಗೆ ಟವೆಲ್ ಕಟ್ಟಿದ್ದರು.

"ನಡಿಯಲೇ. ಸೀದಾ ನಡಿ ನೋಡೋಣ" ಎನ್ನುತ್ತಿದ್ದ ವಿರೂಪಾಕ್ಷಪ್ಪ.

ಅವನು ನಡೆದ. ಎಡಕ್ಕೆ ವಾಲಿದ. ಸೋಡಾ ಬಾಟಲಿಗಳ ಗಾಡಿಗೆ ಬಡಿದು, ಒಡೆದ ಗಾಜಿನ ಮೇಲೆ ಅಂಗೈ ಊರಿ ಬಿದ್ದ. ಜನ ಸೀಟಿ ಹೊಡೆದರು.

"ಇಂಥವನ ಕೈಯಾಗ ನನ್ನ ಗಾಡಿ ಕೊಟ್ಟಿದ್ನಲ್ರೋ! ಪುಣ್ಯಕ್ಕ ಈ ದವಾಖಾನಿ ಹುಡುಗಿ ಬಂದು ಹೇಳಿದ್ಲು." ವಿರೂಪಾಕ್ಷಪ್ಪ ಸುವರ್ಣಳ ಕಡೆಗೆ ಕೈ ತೋರಿಸಿದ.

ಗವಿಸಿದ್ದಪ್ಪ ಟವೆಲ್ ಕಿತ್ತು ನೋಡಿದ. ಅಂಗೈಯಿಂದ ರಕ್ತ ಸುರಿಯುತ್ತಿತ್ತು. ಎದ್ದು, ಜನರನ್ನು ಸರಿಸಿಕೊಂಡು ಹೊರಟುಹೋದ.

ಬುಕಿಂಗ್ ಕೆಲಸವೂ ಇಲ್ಲ, ಏನೂ ಇಲ್ಲ. ದವಾಖಾನೆಗೂ ಅವನು ಮತ್ತೆ ಬರಲಿಲ್ಲ. ಸುವರ್ಣ ಎರಡು ಸಲ ಸಿರುಗುಪ್ಪಕ್ಕೆ ಹೇಳಿಕಳಿಸಿದಳು. 'ಅವಳ ಮುಖ ನೋಡಲ್ಲ ಅಂತಾನ' ಎಂದು ಅವನ ಅಣ್ಣನಿಂದ ಉತ್ತರ ಬಂತು. 'ಸರಿಯೇ ಮಾಡಿದೆ' ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸಂಜೆಯ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಮಾತ್ರ ಮತ್ತೆ ಕೂರಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಡಾಕ್ಟರು ಕರೆದರು. "ಎರಡನೇ ಸಲದ ಪ್ರಶ್ನೆ ಎಲ್ಲಾರಿಗೂ ಆಗ್ಯಾವ. ಆ ಸಿರುಗುಪ್ಪದ ಡ್ರೈವರ್ ಒಬ್ಬ ಉಳಿದಾನ. ಹೋಗಿ ಬರ್ತೀರೇನಮ್ಮ?"

ಹೋದಳು.

ಸಿರುಗುಪ್ಪದ ಚಹಾ ಅಂಗಡಿಯ ಮುಂದೆ ನಾಲ್ಕಾರು ಮಂದಿ ನಗುತ್ತಿದ್ದರು. ಒಬ್ಬ ಗವಿಸಿದ್ದಪ್ಪನ ಭುಜ ಹಿಡಿದು ಗರಗರ ತಿರುಗಿಸಿ ಬಿಟ್ಟ. ಅವನು ಎರಡು ಹೆಜ್ಜೆ ತಡವರಿಸಿ ಚರಂಡಿಯ ಪಕ್ಕ ಕುಸಿದ. "ಈ ಸಲ ಎಡಕ್ಕ ಬಿದ್ದ. ನಾ ಹೇಳಿರಲಿಲ್ಲೇನು?" ಎಂದು ಒಬ್ಬ ಚಪ್ಪಾಳೆ ತಟ್ಟಿದ. ದಿನಾ ನಡೆಯುವ ಆಟದ ಹಾಗೆ ಅಂಗಡಿಯವನು ಚಹಾ ಸೋಸುತ್ತಲೇ ಇದ್ದ.

"ಮನಷ್ಯಾರೇನ್ರಿ ನೀವು?" ಸುವರ್ಣ ಕೂಗಿದಳು.

ಅವರು ಅವಳನ್ನೂ ನೋಡಿ ನಕ್ಕರು.

ಗವಿಸಿದ್ದಪ್ಪ ಬಾಯಿ ಒರೆಸಿಕೊಂಡು ಎದ್ದ. ಗುರುತು ಹಿಡಿದ. "ಪ್ರಶ್ನಿ ಕೇಳಾಕ ಬಂದೀರೇನು? ಮನಿಗೆ ಬರ್ರಿ. ಎಲ್ಲಾರ ಮುಂದ ಕೇಳ್ರಿ."

ಮನೆಯಲ್ಲಿ ಅವನನ್ನು ದನದ ಕೊಟ್ಟಿಗೆಗೆ ಹಾಕಿದ್ದರು. ದನಕ್ಕೆ ಮೇವು ಹಾಕುವ ಗ್ವಾದಲಿಯ ಪಕ್ಕ ಒಂದು ಚಾಪೆ, ಒಂದು ಕಂಬಳಿ. ಅಣ್ಣ ಸುಂಕಣ್ಣ ಹೊಲಕ್ಕೆ ಹೋಗಿದ್ದ. ಅತ್ತಿಗೆ ವೀರಭದ್ರಮ್ಮ ಬಾಗಿಲಿಗೆ ಒರಗಿ ನಿಂತಳು.

"ಕೇಳ್ರಿ" ಎಂದ ಅವನು.

ಸುವರ್ಣ ಕಾಗದ ತೆಗೆದಳು. ಅಕ್ಷರ ಕಣ್ಣಿಗೆ ಕಾಣುತ್ತಿರಲಿಲ್ಲ.

"ಬಗ್ಗಿದ್ರ... ತಲಿ ತಿರುಗ್ತೈತೇನ್ರಿ?"

"ಹೌದು. ಬರ್ಕೊಳ್ರಿ."

"ಮಂದಿ ಜೋಡಿ ಬೆರಿಯಾಕ ನಾಚಿಕಿ ಆಗ್ತೈತೇನ್ರಿ?"

"ಈಗ ನೋಡಿದ್ರಲ್ಲ. ಬರ್ಕೊಳ್ರಿ."

"ಈ ರೋಗದಿಂದ... ಮನಿಮಂದಿ ಸಂಬಂಧ ಕೆಟ್ಟೈತೇನ್ರಿ?"

ವೀರಭದ್ರಮ್ಮ ನಡುವೆ ಬಾಯಿ ಹಾಕಿದಳು. "ಅಲ್ರೀ, ಕಂಡಕಂಡಲ್ಲಿ ಕಾರತಾನ. ಅಡಿಗಿ ಮನಿಯಾಗ ಕರಕೊಂಡು ಕುಂದ್ರಬೇಕೇನು? ಮದಿವಿಗೆ ಗೊತ್ತಾಗಿದ್ದ ಹೆಣ್ಣೂ ಬಿಟ್ಟು ಹೋತು. ಸತ್ತರ ಒಂದು ದಿನ ಅತ್ತು ಸುಮ್ಮನಾಗಬಹುದು. ಇದು ಸಾಯೂದೂ ಇಲ್ಲ."

"ಅತ್ತಿಗಿ ಹೇಳಿದ್ದೂ ಬರ್ಕೊಳ್ರಿ" ಎಂದ ಗವಿಸಿದ್ದಪ್ಪ. "ಎಷ್ಟು ಅಂಕ ಬಂತು? ಮದಲಿಗಿಂತ ಹೆಚ್ಚಾತೇನು? ನಿಮ್ಮ ಡಾಕ್ಟ್ರಿಗೆ ಖುಷಿ ಆಗ್ತೈತಿ."

ಸುವರ್ಣ ಪೆನ್ನು ಕೆಳಗಿಟ್ಟಳು. ಅವಳು ಸೆಗಣಿ ನೆಲದ ಮೇಲೆ ಅವನ ಎದುರಿಗೇ ಕುಳಿತುಬಿಟ್ಟಳು.

"ನಾನು ಹೇಳಿದ್ದು ತಪ್ಪಲ್ಲ" ಎಂದಳು. "ಆ ಕೂಸು ಕಾಲುವೆಗೆ ಬಿದ್ದಿದ್ರ? ಇವತ್ತಾದ್ರೂ ಮತ್ತ ಹೋಗಿ ಹೇಳ್ತೀನಿ. ಆದ್ರ ಅವರು ಹಂಗ ಮಾಡ್ತಾರ ಅಂತ ನನಗ ಗೊತ್ತಿರಲಿಲ್ಲ. ನಿಮಗ ಹೇಳಿ ಹೋಗಬೇಕಿತ್ತು. ಹೇಳಿದ್ರ ನೀವು ಕಣ್ಣು ತುಂಬ ನೋಡ್ತೀರಿ, ಆಮ್ಯಾಲ ಮಾಲೀಕನ ಕಡಿ ಹೋಗಾಕ ನನಗ ಮನಸ್ಸಾಗೂದಿಲ್ಲ ಅಂತ ಅಂಜಿದೆ."

ಹಸು ಬಾಲ ಬೀಸುತ್ತಿತ್ತು. ಅತ್ತಿಗೆ ಬೇಸರವಾಗಿ ಒಳಗೆ ಹೋದಳು.

"ಡಾಕ್ಟ್ರಿಗೆ ಹೇಳಲಿಲ್ಲ, ಅಣ್ಣಗ ಹೇಳಲಿಲ್ಲ, ಮಾಲೀಕಗ ಹೇಳಲಿಲ್ಲ" ಎಂದ ಗವಿಸಿದ್ದಪ್ಪ. "ನಿಮಗ ಒಬ್ಬಾಕಿಗೆ ಯಾಕ ಹೇಳಿದ್ನಿ ಗೊತ್ತೈತೇನು? ನನಗ ಬಿಡಾಕ ಆಗತಿರಲಿಲ್ಲ. ನೀವು ಬಿಡಸ್ತೀರಿ ಅಂತ ಮನಸ್ಸಿನಾಗ ಎಲ್ಲೋ ಇತ್ತು. ಬಿಡಸಿದ್ರಿ. ಸಿಟ್ಟು ಅದಕ್ಕಲ್ಲ."

"ಮತ್ತ?"

"ಟವೆಲ್ ಕಿತ್ತಾಗ ನೀವು ಅಲ್ಲೇ ನಿಂತಿದ್ರಿ. ರಕ್ತ ಸುರಿತಿತ್ತು. ಒಂದು ಹೆಜ್ಜಿ ಮುಂದ ಬರಲಿಲ್ಲ."

ಕಾಲು ಕಿತ್ತಿಡಲಾಗದೆ ನಿಂತಿದ್ದು ನಿಜ. ಜನ ಏನಂದಾರು ಎಂದು ಹೆದರಿದ್ದೂ ನಿಜ. ಅವಳು ಅವನ ಅಂಗೈ ಹಿಡಿದು ತಿರುಗಿಸಿದಳು. ಗಾಜು ಕೊಯ್ದ ಗೆರೆಗಳು ಬಿಳುಪಾಗಿ ಉಳಿದಿದ್ದವು. ಅದರ ಮೇಲೆ ಹಣೆಯಿಟ್ಟು ಅತ್ತಳು.

ಅವನು ಕೈ ಎಳೆದುಕೊಳ್ಳಲಿಲ್ಲ.

ಆಮೇಲೆ ಅವಳು ಅವನ ಪಕ್ಕಕ್ಕೆ ಸರಿದು ಕೂತು, ಮೆಲ್ಲನೆ ಏನೋ ಅಂದಳು. ಅವನು ಗೋಡೆ ನೋಡುತ್ತ ಹಾಗೆಯೇ ಇದ್ದ. ಇಷ್ಟು ದೂರ ಬಂದು, ಇಷ್ಟು ನಾಚಿಕೆ ಬಿಟ್ಟು ಹೇಳಿದರೂ...

ಅವನು ತಿರುಗಿದ. "ಏನಾರ ಅಂದ್ರೇನು? ಈ ಕಡೆ ಕಿವಿ ಪೂರ್ತಿ ಹೋಗೈತ್ರಿ. ಮಳಿಗಾಲದಾಗ ಹೋತು."

ಸುವರ್ಣ ಎದ್ದು ಅವನ ಬಲಕ್ಕೆ ಬಂದು ಕುಳಿತಳು. ಈ ಸಲ ಒಳಮನೆಗೂ ಕೇಳುವ ಹಾಗೆ ಹೇಳಿದಳು.

"ನಿಮ್ಮನ್ನ ಮದಿವಿ ಆಗ್ತೀನಿ ಅಂದೆ. ಕುರುಗೋಡಿಗೆ ಕರಕೊಂಡು ಹೋಗ್ತೀನಿ ಅಂದೆ."

ಒಳಗೆ ಪಾತ್ರೆಯ ಸದ್ದು ನಿಂತಿತು.

"ನಾನು ಬೀಳ್ತೀನ್ರಿ" ಎಂದ ಅವನು. "ನಡುಬೀದಿಯಾಗ ಬೀಳ್ತೀನಿ. ಮದಿವಿ ಚಪ್ಪರದಾಗ ಬೀಳ್ತೀನಿ. ಇದು ವಾಸಿ ಆಗಂಗಿಲ್ಲ. ಮಂದಿ ನಿಮ್ಮನ್ನೂ ನೋಡಿ ನಗ್ತಾರ."

"ನಗಲಿ."

"ನನ್ನ ಎತ್ತಾಕ ನಿಮ್ಮ ಕೈಲಿ ಆಗಲ್ಲ."

"ಎತ್ತೂದಿಲ್ಲ" ಎಂದಳು ಸುವರ್ಣ. "ತಿರುಗೋ ಭೂಮಿ ನಿಲ್ಲೋತನಕ ನಿಮ್ಮ ಪಕ್ಕದಾಗ ಕುಂದ್ರತೀನಿ."