ನೀರಿನ ಕಡೆ ತೆರೆದ ಅಡುಗೆಮನೆ ಕಿಟಕಿ

ಅಕ್ಟೋಬರ್ ೧೪, ಮಂಗಳವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಪೂರ್ವ ಲಂಡನ್ನಿನ ಕಾಲುವೆ ಪಕ್ಕದ ಪೊಲೀಸ್ ಠಾಣೆಗೆ ಅರವತ್ತಮೂರು ವರ್ಷದ ಬೆರಿಲ್ ಟ್ರಾಂಟರ್ ಒಗೆದ ಬಟ್ಟೆಯ ಚೀಲ ಹೊತ್ತುಕೊಂಡೇ ನುಗ್ಗಿದಳು.

"ನನ್ ಮನೆ ಕಳ್ಳತನ ಆಗಿದೆ, ಬರ್ಕೊಳ್ಳಿ."

ಕಾನ್‌ಸ್ಟೇಬಲ್ ಟೆಬಟ್ ತಿನ್ನುತ್ತಿದ್ದ ಬನ್ನನ್ನು ಕಡತದ ಹಿಂದೆ ಸರಿಸಿ ಪೆನ್ನು ತೆಗೆದ. "ಮನೇಲಿ ಏನೇನು ಹೋಯ್ತಮ್ಮ?"

"ಮನೇಲಿ ಅಲ್ಲಪ್ಪಾ, ಮನೇನೇ ಹೋಯ್ತು! ಹನ್ನೆರಡೂವರೆಗೆ ಬಟ್ಟೆ ಒಗೆಸೋಕೆ ಹೋದೋಳು ಈಗ ವಾಪಸ್ ಬಂದ್ರೆ ಬರೀ ನೀರಿದೆ. ಹದಿನೇಳೂವರೆ ಮೀಟರ್ ಉದ್ದದ ಮನೆ ಕಣಯ್ಯ, ಜೇಬಿಗೆ ಹಾಕ್ಕೊಂಡು ಹೋಗೋ ವಸ್ತುನಾ?"

ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಹೆಸ್ಟರ್ ಬ್ರಾಡ್‌ವೆಲ್ ಎದ್ದು ಬಂದಳು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಬಾಗಿಲು ಮುರಿದವರನ್ನು, ಬೀಗ ಮುರಿದವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಮನೆಯನ್ನೇ ಹೊತ್ತೊಯ್ದವರನ್ನು ಕಂಡಿರಲಿಲ್ಲ. ಬೆರಿಲ್‌ಳನ್ನು ಕೂರಿಸಿ ಹೇಳಿಕೆ ಬರೆಸಿಕೊಂಡಳು. ಮನೆಯೆಂದರೆ 'ಸ್ಕೈಲಾರ್ಕ್' ಎಂಬ ಹಸಿರು ದೋಣಿ. ಹನ್ನೊಂದು ವರ್ಷದಿಂದ ಬೆರಿಲ್‌ಳ ಅಡುಗೆ, ನಿದ್ದೆ, ಹೊಲಿಗೆ ಎಲ್ಲ ಅದರೊಳಗೇ. ಮಾಲ್ಟಿಂಗ್ಸ್ ಕೋರ್ಟ್ ಎಂಬ ವಸತಿ ಕಟ್ಟಡದ ಕೆಳಗೆ ಕಟ್ಟಿಕೊಂಡಿರುವ ಹನ್ನೊಂದು ದೋಣಿಮನೆಗಳಲ್ಲಿ ಅದೂ ಒಂದು.

ಹೇಳಿಕೆಗೆ ಸಹಿ ಬೀಳುವ ಮೊದಲೇ, ನಾಲ್ಕೂವರೆಗೆ ಫೋನು ಬಂತು. ಮಾಡಿದವನು ಮಾಲ್ಟಿಂಗ್ಸ್ ಕೋರ್ಟ್ ನಿವಾಸಿಗಳ ಸಂಘದ ಕಾರ್ಯದರ್ಶಿ ಲಯೊನೆಲ್ ಕ್ರಾಂಪ್ಟನ್. ಟ್ಯಾನರ್ಸ್ ಸೇತುವೆಯ ಕೆಳಗೆ ಹಸಿರು ದೋಣಿಯೊಂದು ಯಾರೂ ಇಲ್ಲದೆ ತೇಲಿ ಬಂದಿದೆ, ಸಂಘದವರು ಬೆಳೆಸಿದ ತೇಲುತೋಟಕ್ಕೆ ಗುದ್ದಿ ಅರ್ಧ ಮುಳುಗಿಸಿದೆ ಎಂದು ಅವನು ಒಂದೊಂದೇ ಪದ ಬಿಡಿಸಿ ಹೇಳಿದ. ಕೊನೆಗೆ ಒಂದು ಮಾತು ಸೇರಿಸಿದ: "ನೆಟ್ಟಗೆ ಕಟ್ಟೋಕೆ ಬರದೋರು ದೋಣೀಲಿ ಯಾಕಿರ್ಬೇಕು ಇನ್‌ಸ್ಪೆಕ್ಟರೇ? ಗುರುವಾರದ ಸಭೇಲಿ ನಾವು ಕೇಳೋದೂ ಇದೇ."

ಫೋನಿಟ್ಟು ಹೆಸ್ಟರ್ ಆ ಸಭೆಯ ಹೆಸರೆತ್ತಿದ್ದೇ ಬೆರಿಲ್‌ಳ ಮುಖ ಸಪ್ಪಗಾಯಿತು. ದೋಣಿಗಳ ಹೊಗೆ, ಎಂಜಿನ್ ಸದ್ದು ತಾಳಲಾರೆವೆಂದು ಸಂಘ ಎರಡು ವರ್ಷದಿಂದ ಕಾಲುವೆ ಕಚೇರಿಗೆ ಅರ್ಜಿ ಗುಜರಾಯಿಸುತ್ತಲೇ ಇತ್ತು. ಗುರುವಾರ ಮಧ್ಯಾಹ್ನ ಮೂರಕ್ಕೆ ತೀರ್ಮಾನ. ದೋಣಿ ಕಳಚಿಕೊಂಡು ತೇಲಿತೆಂದು ದಾಖಲಾದರೆ ಹನ್ನೊಂದೂ ಮನೆಗಳು ತಿಂಗಳ ಕೊನೆಗೆ ಜಾಗ ಖಾಲಿ ಮಾಡಬೇಕು.

"ನಾನು ಬಿಗಿಯಾಗೇ ಕಟ್ಟಿದ್ದೆ ಮೇಡಂ," ಎಂದಳು ಬೆರಿಲ್. "ನನ್ನಿಂದ ಅವ್ರೆಲ್ಲ ಬೀದಿಪಾಲಾದ್ರೆ ನಾನು ಯಾವ ಮುಖ ಇಟ್ಕೊಂಡು ಬದುಕ್ಲಿ?"

ಪಶ್ಚಿಮದ ಗಾಳಿ ಬೆಳಗಿನಿಂದ ಜೋರಾಗಿತ್ತು. ಸೇತುವೆ ಇರುವುದು ಪೂರ್ವಕ್ಕೆ ಒಂದೂವರೆ ಕಿಲೋಮೀಟರ್ ದೂರದಲ್ಲಿ. ತೇಲಿತು ಎನ್ನುವುದನ್ನು ನಂಬದಿರಲು ಹೆಸ್ಟರ್ ಬಳಿ ಕಾರಣವಿರಲಿಲ್ಲ. ಕಾಲುವೆ ಕಚೇರಿಯ ಕೆಲಸಗಾರರು ಕೈಗೆ ಸಿಕ್ಕ ತುದಿಗೆ ಹಗ್ಗ ಬಿಗಿದು ಸ್ಕೈಲಾರ್ಕನ್ನು ಆರು ಗಂಟೆಯೊಳಗೆ ಅದರ ಜಾಗಕ್ಕೆ ಎಳೆದು ತಂದು ಕಟ್ಟಿದರು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಹೆಸ್ಟರ್ ಮತ್ತು ಟೆಬಟ್ ಮಹಜರಿಗೆ ಹೋದರು. ಬೀಗ ಮುರಿದಿರಲಿಲ್ಲ. ಎಂಜಿನ್ನಿನ ಬದಲಿ ಕೀಲಿ ಹಿಂಬದಿಯ ಗೂಡಿನಲ್ಲಿ ಗ್ಯಾಸ್ ಸಿಲಿಂಡರಿನ ಹಿಂದೆ ನೇತಾಡುತ್ತಿತ್ತು.

"ಇಲ್ಲಿ ಯಾಕಮ್ಮ ಇಟ್ಟಿದ್ದೀರಿ?" ಟೆಬಟ್ ಕೇಳಿದ.

"ಎಲ್ರೂ ಅಲ್ಲೇ ಇಡೋದು."

"ಹಾಗಾದ್ರೆ ಅದನ್ನ ಬಚ್ಚಿಟ್ಟಿದ್ದು ಅಂತ ಯಾಕನ್ಬೇಕು!"

ಬೆರಿಲ್ ಕೆಟಲ್ ಇಟ್ಟಳು. ದೋಣಿಗೆ ಯಾರೇ ಬಂದರೂ ಅಡುಗೆಮನೆ ಕಿಟಕಿಯಿಂದ ಕೈ ಚಾಚಿ ಕಾಲುವೆ ದಾರಿಯಲ್ಲಿ ನಿಂತವರಿಗೆ ಚಹಾ ಕೊಡುವುದು ಅವಳ ಪದ್ಧತಿ. ದಾರಿಯಲ್ಲಿ ಕಾಯುತ್ತಿದ್ದ ಹೆಸ್ಟರ್‌ಗೆ ಚಹಾ ಬರಲಿಲ್ಲ. ದೋಣಿಯ ಆಚೆ ಮಗ್ಗುಲಿನಿಂದ "ಅಯ್ಯೋ ಶಿವನೇ!" ಎಂಬಂಥ ಒಂದು ಉದ್ಗಾರ ಮಾತ್ರ ಕೇಳಿಸಿತು. ದೋಣಿಯೊಳಗೆ ಓಡಿಹೋಗಿ ನೋಡಿದರೆ, ಬೆರಿಲ್ ಕಿಟಕಿಯಿಂದ ನೀರಿನ ಕಡೆಗೆ ಲೋಟ ಚಾಚಿಕೊಂಡು ನಿಂತಿದ್ದಾಳೆ, ಕೆಳಗೆ ಒಂದು ಬಾತುಕೋಳಿ ಕತ್ತೆತ್ತಿ ಲೋಟವನ್ನೇ ನೋಡುತ್ತಿದೆ.

"ಮೇಡಂ, ನನ್ ಅಡುಗೆಮನೆ ಕಿಟಕಿ ದಾರಿ ಕಡೆ ಇತ್ತು. ಈಗ ನೀರಿನ ಕಡೆ ಬಂದಿದೆ! ರಾತ್ರಿಯೆಲ್ಲಾ ಅಳ್ತಾ ಮಲಗಿದ್ದೆ, ಗಮನಿಸ್ಲೇ ಇಲ್ಲ."

"ಅಂದ್ರೆ?"

"ದೋಣಿ ತಿರುಗಿದೆ. ಮೂತಿ ಪಶ್ಚಿಮಕ್ಕಿತ್ತು, ಈಗ ಪೂರ್ವಕ್ಕಿದೆ."

"ತೇಲುವಾಗ ತಿರುಗಿರ್ಬಹುದಲ್ವಾ?"

ಬೆರಿಲ್ ಅವಳನ್ನು ಮಗುವನ್ನು ನೋಡುವಂತೆ ನೋಡಿದಳು. "ಟೇಪ್ ಇದ್ಯಾ ನಿಮ್ಹತ್ರ? ಅಳೀರಿ."

ಟೆಬಟ್ ಅಳೆದ. ಕಾಲುವೆಯ ಅಗಲ ಹನ್ನೊಂದು ಮೀಟರ್, ದೋಣಿಯ ಉದ್ದ ಹದಿನೇಳೂವರೆ. ಇಲ್ಲಿಂದ ಸೇತುವೆಯವರೆಗೂ ಎಲ್ಲೂ ಹನ್ನೆರಡು ಮೀಟರ್ ದಾಟುವುದಿಲ್ಲ. ಇಷ್ಟುದ್ದದ ದೋಣಿ ಇಷ್ಟಗಲದ ನೀರಿನಲ್ಲಿ ಗಾಳಿಗಿರಲಿ, ಬಿರುಗಾಳಿಗೂ ತಿರುಗದು. ದೋಣಿ ತಿರುಗಿಸಲು ದಡವನ್ನು ಅಗೆದು ಅಗಲ ಮಾಡಿದ ಕೊಳವೊಂದಿದೆ, ಆದರೆ ಅದಿರುವುದು ಪಶ್ಚಿಮಕ್ಕೆ ಒಂದು ಕಿಲೋಮೀಟರ್ ದೂರದಲ್ಲಿ, ಗಾಳಿಗೆ ಎದುರಾಗಿ.

ಹೆಸ್ಟರ್ ಟೇಪನ್ನು ಸುತ್ತಿದಳು. ಅವಳಿಗೆ ಖುಷಿ ತಡೆಯಲಾಗಲಿಲ್ಲ. "ಟೆಬಟ್, ಬರ್ಕೋ. ದೋಣಿ ತೇಲಿಲ್ಲ. ಯಾರೋ ಮೂತಿ ಇದ್ದ ಕಡೆಗೇ, ಪಶ್ಚಿಮಕ್ಕೆ ಓಡಿಸ್ಕೊಂಡು ಹೋಗಿ, ತಿರುಗಿಸಿ, ಇದೇ ದಾರೀಲಿ ವಾಪಸ್ ತಂದು ಸೇತುವೆ ಹತ್ರ ಬಿಟ್ಟಿದ್ದಾರೆ. ಇದು ಕಳ್ಳತನ."

"ಆದ್ರೆ ಮೇಡಂ," ಟೆಬಟ್ ದನಿ ತಗ್ಗಿಸಿದ, "ಕೀಲಿ ಎಲ್ಲಿದೆ ಅಂತ ಗೊತ್ತಿರೋರು, ದೋಣಿ ತಿರುಗಿಸೋಕೆ ಬರೋರು ಅಂದ್ರೆ ದೋಣಿಯವ್ರೇ. ಇದೂ ಅವ್ರ ತಲೆ ಮೇಲೇ ಬರುತ್ತೆ."

ಅವನ ಮಾತು ಸುಳ್ಳಾಗಿರಲಿಲ್ಲ. ಹನ್ನೊಂದು ಮನೆಗಳನ್ನು ಉಳಿಸಬೇಕೆಂದರೆ ಕಳ್ಳನೇ ಸಿಗಬೇಕಿತ್ತು.

ಬೆರಿಲ್ ಹಿಂಬದಿಯಲ್ಲಿ ನಿಂತು ಚುಕ್ಕಾಣಿಯ ಹಿತ್ತಾಳೆ ಹಿಡಿಯನ್ನು ದಿಟ್ಟಿಸುತ್ತಿದ್ದಳು. ಅದು ಫಳಫಳ ಹೊಳೆಯುತ್ತಿತ್ತು. "ಇದನ್ನ ಯಾರು ಉಜ್ಜಿದ್ದು? ನಾನು ಮುಟ್ಟಿ ಎರಡು ವರ್ಷ ಆಯ್ತು."

ಬೆರಳಚ್ಚಿನ ಆಸೆ ಅಲ್ಲಿಗೆ ಮುಗಿಯಿತು. ಬೆರಳಚ್ಚು ಅಳಿಸಲು ಕರವಸ್ತ್ರದಿಂದ ಎರಡು ಸಲ ಒರೆಸಿದರೆ ಸಾಕಲ್ಲ, ಇಷ್ಟು ಶ್ರದ್ಧೆಯಿಂದ ಯಾಕೆ ಉಜ್ಜಿದ ಎಂದು ಹೆಸ್ಟರ್ ದಾರಿಯುದ್ದಕ್ಕೂ ಯೋಚಿಸಿದಳು.

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಅವರು ಕೊಳ ತಲುಪಿದರು. ಅಲ್ಲಿ ಸಿಡ್ ಗೆಡ್ಜ್ ಎಂಬ ಮುದುಕ ಗಾಳ ಹಾಕಿಕೊಂಡು ಕೂತಿದ್ದ. ವಾರದ ಏಳೂ ದಿನ ಅವನು ಅಲ್ಲೇ.

"ನಿನ್ನೆ ಮಧ್ಯಾಹ್ನ ಹಸಿರು ದೋಣಿ ಬಂದಿತ್ತಾ?"

"ಬಂದಿತ್ತು. ಒಂದೂಕಾಲಿಗೆ. ಆಗ್ತಾನೆ ಮೀನು ಕಚ್ಚಿತ್ತು, ಓಡಿಸಿಬಿಟ್ಟ ಪುಣ್ಯಾತ್ಮ."

"ಯಾರು ಓಡಿಸ್ತಿದ್ರು?"

"ಗಂಡಸು. ವಯಸ್ಸಾಗಿದೆ. ಬೂದಿ ಬಣ್ಣದ ಸ್ವೆಟರು, ಇಸ್ತ್ರಿ ಮಾಡಿದ ಪ್ಯಾಂಟು."

"ಇಸ್ತ್ರಿ ಪ್ಯಾಂಟು ಹಾಕ್ಕೊಂಡು ದೋಣಿ ಓಡಿಸ್ತಿದ್ನಾ?"

"ಅದೇ ನೋಡಿ ನಂಗೂ ಆಶ್ಚರ್ಯ. ಮೂತಿನ ದಡಕ್ಕೆ ಮೆತ್ತಗೆ ಆನಿಸಿ, ಹಿಂಬದೀನ ಗಾಳೀಗೆ ಬಿಟ್ಟು, ಒಂದೇ ಏಟಿಗೆ ತಿರುಗಿಸ್ದ. ದೋಣಿ ತಳ್ಳೋ ಕೋಲನ್ನ ಮುಟ್ಟಲೇ ಇಲ್ಲ. ಮೂವತ್ತು ವರ್ಷದಿಂದ ಇಲ್ಲಿ ಕೂತು ಇವರ ಗುದ್ದಾಟ ನೋಡಿದ್ದೀನಮ್ಮ, ಇಂಥಾ ಕೈ ನೋಡಿಲ್ಲ. ಹೋಗ್ತಾ ನಂಗೆ ಕೈಯೆತ್ತಿದ, ಹಳೇ ದೋಣಿಯವ್ರ ಥರ."

ಟೆಬಟ್ ಉಳಿದ ಹತ್ತು ದೋಣಿಗಳ ಗಂಡಸರನ್ನೆಲ್ಲ ವಿಚಾರಿಸಿ ಬಂದ. ಮಂಗಳವಾರ ಮಧ್ಯಾಹ್ನ ಅವರೆಲ್ಲ ಹೊರಗೆ ಹೋಗಿದ್ದರು, ಸ್ಕೈಲಾರ್ಕ್ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಇಸ್ತ್ರಿ ಪೆಟ್ಟಿಗೆ ಇದ್ದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಗಾಳಿಯಿದ್ದ ದಿನ ಒಂದೇ ಸಲಕ್ಕೆ ತಿರುಗಿಸಬಲ್ಲವರೂ ಇರಲಿಲ್ಲ. ಇದನ್ನು ಅವರು ನಾಚಿಕೆಯಿಂದಲೇ ಒಪ್ಪಿಕೊಂಡರು.

ಮಧ್ಯಾಹ್ನ ಎರಡಕ್ಕೆ ಹೆಸ್ಟರ್ ಮಾಲ್ಟಿಂಗ್ಸ್ ಕೋರ್ಟಿನ ಮೊದಲ ಮಹಡಿಯಲ್ಲಿ ಕ್ರಾಂಪ್ಟನ್ ಎದುರು ಕೂತಿದ್ದಳು. ಎಪ್ಪತ್ತೊಂದು ವರ್ಷದ ಒಂಟಿ ಮನುಷ್ಯ. ಕುರ್ಚಿ ಬಾಲ್ಕನಿಗೆ ಮುಖ ಮಾಡಿತ್ತು, ಕೆಳಗೆ ಹನ್ನೊಂದು ದೋಣಿಗಳೂ ಕಾಣುತ್ತಿದ್ದವು. ಪುರಾವೆಯೆಂದು ಅವನು ತನ್ನ ದೂರಿನ ಪುಸ್ತಕವನ್ನು ಹೆಮ್ಮೆಯಿಂದಲೇ ಮುಂದೆ ತಳ್ಳಿದ. ದಿನಕ್ಕೊಂದು ಪುಟ. ಯಾವ ದೋಣಿಯ ಎಂಜಿನ್ ಎಷ್ಟು ಹೊತ್ತಿಗೆ ಹೊತ್ತಿತು, ಯಾವ ಚಿಮಣಿ ಎಷ್ಟು ಹೊತ್ತು ಹೊಗೆ ಬಿಟ್ಟಿತು, ಎಲ್ಲ ನಿಮಿಷದ ಸಮೇತ. 'ಮಂಗಳವಾರ, ೧೨-೩೦: ಸ್ಕೈಲಾರ್ಕಿನ ಹೆಂಗಸು ಬಟ್ಟೆ ಚೀಲದೊಂದಿಗೆ ಹೊರಗೆ' ಎಂಬುದು ವಾರವಾರವೂ ಇತ್ತು. ಹೆಸ್ಟರ್ ಹದಿನಾಲ್ಕನೇ ತಾರೀಖಿನ ಪುಟ ತೆರೆದಳು. ೧೨-೩೦ಕ್ಕೆ ಬೆರಿಲ್ ಹೊರಗೆ ಹೋಗಿದ್ದಳು. ಮುಂದಿನ ಸಾಲು ೨-೪೦ಕ್ಕಿತ್ತು. ನಡುವೆ ಏನೂ ಇರಲಿಲ್ಲ.

"ಈ ಎರಡು ಗಂಟೆ?"

"ನಿದ್ದೆ ಹೋಗಿದ್ದೆ."

"ಬೇರೆ ಯಾವ ದಿನವೂ ಮಧ್ಯಾಹ್ನ ನಿದ್ದೆ ಮಾಡಿಲ್ಲ?"

"ವಯಸ್ಸಾಯ್ತಲ್ಲ."

"ದೋಣಿ ಓಡಿಸಿ ಗೊತ್ತಾ?"

"ನಾನಾ? ಆ ಕೊಳಕು ಡಬ್ಬಗಳನ್ನಾ? ಕಾಲೂ ಇಟ್ಟಿಲ್ಲ."

ಬೂದಿ ಬಣ್ಣದ ಸ್ವೆಟರು ಕುರ್ಚಿಯ ಬೆನ್ನಿಗೆ ಮಡಿಸಿಟ್ಟಿತ್ತು. ಅಂಥ ಸ್ವೆಟರು ಈ ಊರಲ್ಲಿ ಸಾವಿರಾರು ಜನರ ಬಳಿ ಇದೆ. ಹೆಸ್ಟರ್ ಎದ್ದು, ಬಾಗಿಲ ಬಳಿ ತಿರುಗಿ, "ನಾಳೆ ಒಂದೂವರೆಗೆ ಸ್ಕೈಲಾರ್ಕ್ ಹತ್ರ ಬರ್ತೀರಾ? ತೋಟಕ್ಕಾದ ನಷ್ಟದ ಮಹಜರಿಗೆ ಸಂಘದ ಕಡೆಯೋರು ಒಬ್ರು ಬೇಕು," ಎಂದಳು.

"ಖಂಡಿತ. ಸಭೆಗೆ ಮುಂಚೆನೇ ಆಗ್ಲಿ," ಎಂದ ಕ್ರಾಂಪ್ಟನ್.

ಅಲ್ಲಿಂದ ಅವಳು ನೇರ ಬೆರಿಲ್‌ಳ ಬಳಿಗೆ ಹೋಗಿ ಒಂದೇ ಪ್ರಶ್ನೆ ಕೇಳಿದಳು: ದೋಣಿಯವರು ಮಾಡುವ, ನೆಲದ ಮೇಲಿನವರು ಮಾಡದ ಕೆಲಸ ಯಾವುದು? ಬೆರಿಲ್ ಬೆರಳು ಮಡಿಸಿ ನಾಲ್ಕೈದು ಹೇಳಿದಳು. ಹೆಸ್ಟರ್ ಅದರಲ್ಲೊಂದನ್ನು ಹಿಡಿದುಕೊಂಡಳು.

ಅಕ್ಟೋಬರ್ ೧೬, ಗುರುವಾರ, ಮಧ್ಯಾಹ್ನ ಒಂದೂವರೆ. ಕ್ರಾಂಪ್ಟನ್ ನಿಮಿಷಕ್ಕೆ ಸರಿಯಾಗಿ ಬಂದ. ಸಿಡ್ ಗೆಡ್ಜ್ ಹತ್ತು ಹೆಜ್ಜೆ ದೂರದ ಬೆಂಚಿನ ಮೇಲೆ ಕೂತಿದ್ದ. ಬೆರಿಲ್ ದೋಣಿಯ ಒಳಗಿದ್ದಳು.

"ಒಳಗೆ ಕೂತು ಸಹಿ ಮಾಡೋಣ ಬನ್ನಿ," ಎಂದ ಟೆಬಟ್, ದಡದಿಂದ ಧುಡುಮ್ಮನೆ ದೋಣಿಯ ಮೇಲೆ ಹಾರಿದ. ಇಡೀ ದೋಣಿ ಅಲ್ಲಾಡಿತು, ಒಳಗೆ ಪಾತ್ರೆಗಳು ಬಿದ್ದವು, ಬೆರಿಲ್ ಅವನ ವಂಶವನ್ನೆಲ್ಲ ಬೈದಳು. ಹಿಂದಿನಿಂದ ಹೆಸ್ಟರ್ ಕೂಡ ಸುಮ್ಮನೆ ಹತ್ತಿದಳು.

ಕ್ರಾಂಪ್ಟನ್ ದಡದಲ್ಲಿ ನಿಂತ. ಚಾವಣಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದ. ಉತ್ತರಕ್ಕೆ ಕಾದ. ಒಳಗಿನಿಂದ "ಬನ್ನಿ" ಎಂದ ಮೇಲೆ ಚಾವಣಿಯ ಅಂಚಿನ ಕಂಬಿ ಹಿಡಿದು, ದೋಣಿಗೆ ಗೊತ್ತೇ ಆಗದ ಹಾಗೆ, ನಡುಮಧ್ಯಕ್ಕೆ ಕಾಲಿಟ್ಟ.

ದೋಣಿ ಮಿಸುಕಲಿಲ್ಲ.

"ಕಾಲೂ ಇಟ್ಟಿಲ್ಲ ಅಂದ್ರಿ," ಎಂದಳು ಹೆಸ್ಟರ್.

ಕ್ರಾಂಪ್ಟನ್ ತನ್ನ ಬೆರಳ ಗೆಣ್ಣುಗಳನ್ನು ನೋಡಿಕೊಂಡ.

"ಯಾರದ್ದೇ ದೋಣಿಯಾದ್ರೂ ಚಾವಣಿ ಬಡೀದೆ ಹತ್ತಬಾರದು ಅಂತ ನಿಮಗೆ ಯಾರು ಕಲಿಸಿದ್ದು?"

ಬೆಂಚಿನಿಂದ ಸಿಡ್ ಕೂಗಿದ: "ಇವ್ರೇ ಕಣಮ್ಮ! ಏನ್ ಸ್ವಾಮಿ, ನನ್ ಮೀನು ಓಡಿಸಿದ್ರಲ್ಲ! ಆದ್ರೂ ಎಂಥಾ ತಿರುಗಿಸಿದ್ರಿ, ಅಬ್ಬಾ!"

ಹೊಗಳಿಕೆಗೆ ಕ್ರಾಂಪ್ಟನ್‌ನ ಮುಖ ಒಂದು ಕ್ಷಣ ಅರಳಿತು. ಮುಚ್ಚಿಡಲು ಅವನಿಗೆ ಸಾಧ್ಯವಾಗಲಿಲ್ಲ. ಅದೇ ಅವನ ತಪ್ಪೊಪ್ಪಿಗೆಯಾಯಿತು. ೧-೪೨ಕ್ಕೆ ಅವನನ್ನು ಬಂಧಿಸಿ ಠಾಣೆಗೆ ಕರೆದೊಯ್ದರು.

ಮೂರು ಗಂಟೆಯ ಸಭೆಗೆ ಹೆಸ್ಟರ್ ತಾನೇ ಹೋಗಿ ತನಿಖಾ ವರದಿ ಓದಿದಳು. ಸ್ಕೈಲಾರ್ಕ್ ಕಳಚಿಕೊಂಡಿರಲಿಲ್ಲ, ಅದನ್ನು ಕಟ್ಟಿದ್ದು ಬಿಗಿಯಾಗಿಯೇ ಇತ್ತು, ಬಿಚ್ಚಿ ಒಯ್ದವನು ಅರ್ಜಿಗೆ ಸಹಿ ಹಾಕಿದ ಕಾರ್ಯದರ್ಶಿ. ಸಭೆಯಲ್ಲಿ ಗುಜುಗುಜು ಎದ್ದಿತು. ನಿವಾಸಿಗಳ ಪೈಕಿ ಒಬ್ಬಾಕೆ ಎದ್ದು, ಹೊಗೆಯ ವಿಷಯ ಕೂತು ಮಾತಾಡೋಣ, ಅರ್ಜಿ ಮಾತ್ರ ನಮಗೆ ಬೇಡ ಎಂದಳು. ನಾಲ್ಕೂ ಹತ್ತಕ್ಕೆ ಕಚೇರಿಯ ಅಧಿಕಾರಿ ಅರ್ಜಿಯನ್ನು ವಜಾ ಮಾಡಿದ. ಹನ್ನೊಂದು ದೋಣಿಗಳೂ ಇದ್ದಲ್ಲೇ ಇರಬಹುದು.

ಸುದ್ದಿ ದಡ ತಲುಪಿದಾಗ ಹನ್ನೊಂದು ಹಾರ್ನುಗಳು ಒಟ್ಟಿಗೆ ಕೂಗಿದವು. ಟೆಬಟ್ ಟೋಪಿ ತೆಗೆದು ಗಾಳಿಗೆ ಎಸೆದ, ಅದು ನೀರಿಗೆ ಬಿತ್ತು. ಬಾಲ್ಕನಿಗಳಲ್ಲಿ ನಿಂತ ಕೆಲವರು ಕೂಡ ಕೈ ಬೀಸಿದರು. ಬೆರಿಲ್ ಹೆಸ್ಟರ್‌ಳನ್ನು ತಬ್ಬಿಕೊಂಡು ಅವಳ ಸಮವಸ್ತ್ರದ ತುಂಬ ಕಣ್ಣೀರು ಒರೆಸಿದಳು.

ಕ್ರಾಂಪ್ಟನ್‌ನ ಹೇಳಿಕೆ ಒಂದೂವರೆ ಪುಟ. ಇಪ್ಪತ್ತೆರಡು ವರ್ಷ ಅವನೂ ಅವನ ಹೆಂಡತಿ ಹಿಲ್ಡಾಳೂ ಉತ್ತರದ ಕಾಲುವೆಗಳಲ್ಲಿ ದೋಣಿಯಲ್ಲೇ ಇದ್ದವರು. ಅವಳ ಮಂಡಿ ಹೋಗಿ ದೋಣಿಯೊಳಗಿನ ಮೆಟ್ಟಿಲು ಇಳಿಯಲಾಗದಾಗ ದೋಣಿ ಮಾರಿ, ಲಿಫ್ಟ್ ಇರುವ, ನೀರು ಕಾಣುವ ಮನೆ ಕೊಂಡರು. ಎರಡನೇ ಚಳಿಗಾಲಕ್ಕೆ ಅವಳು ತೀರಿಕೊಂಡಳು. 'ಬೆಳಿಗ್ಗೆ ಎಂಜಿನ್ ಸದ್ದು ಕೇಳಿದರೆ ಹಗ್ಗ ಬಿಚ್ಚಲು ಏಳುತ್ತೇನೆ. ಎದ್ದ ಮೇಲೆ ಬಿಚ್ಚಲು ಏನೂ ಇಲ್ಲ. ಅವರು ಕಣ್ಣೆದುರಿನಿಂದ ಹೋಗಲೆಂದೇ ಅರ್ಜಿ ಬರೆದೆ. ದೋಣಿಯನ್ನು ಕೆಡಿಸಿ ಬಿಡಬೇಕೆಂದೇ ಹತ್ತಿದೆ. ಚುಕ್ಕಾಣಿ ಕೈಗೆ ಬಂದ ಮೇಲೆ ಕೆಡಿಸಲಾಗಲಿಲ್ಲ. ಹಿತ್ತಾಳೆ ಮಂಕಾಗಿತ್ತು, ಉಜ್ಜಿದೆ.'

ಶುಕ್ರವಾರ ಬೆಳಿಗ್ಗೆ ಬೆರಿಲ್ ಠಾಣೆಗೆ ಬಂದು ಅದನ್ನು ಓದಿದಳು. ಎರಡು ಸಲ ಓದಿದಳು.

"ಆ ಗಾಳೀಲಿ ಒಂದೇ ಏಟಿಗೆ ತಿರುಗಿಸಿದ್ನಂತಾ?"

"ಸಿಡ್ ಹಾಗೇ ಹೇಳ್ತಾನೆ," ಎಂದಳು ಹೆಸ್ಟರ್. "ದೂರು ವಾಪಸ್ ತಗೋತೀರಾ?"

"ಯಾಕ್ ತಗೋಬೇಕು? ನನ್ ಮನೆ ಕದ್ದಿದಾನೆ. ಕೋರ್ಟಲ್ಲಿ ನಿಲ್ಲಲಿ." ಬೆರಿಲ್ ಕಾಗದವನ್ನು ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟಳು. "ಕೋರ್ಟ್ ಬಿಟ್ಟ ಮೇಲೆ ಒಂದ್ಸಲ ದೋಣಿ ಕಡೆ ಬರೋಕೆ ಹೇಳಿ. ಚಾವಣಿ ಬಡಿದ್ರೆ ತೆಗೀತೀನಿ. ಆ ತಿರುಗಿಸೋದು ನಂಗೂ ಕಲೀಬೇಕು."

ಅವತ್ತು ಮಧ್ಯಾಹ್ನ ಅವಳು ನೆರೆಯವರಿಂದ ಹಗ್ಗ ಹಿಡಿಸಿ ಸ್ಕೈಲಾರ್ಕನ್ನು ಹಿಂದುಮುಂದಾಗಿ ಕೊಳಕ್ಕೆ ಎಳೆಸಿಕೊಂಡು ಹೋಗಿ, ಮೂರು ಸಲ ದಡಕ್ಕೆ ಗುದ್ದಿ, ಸಿಡ್‌ನಿಂದ ಬೈಸಿಕೊಂಡು, ನಾಲ್ಕನೇ ಸಲಕ್ಕೆ ತಿರುಗಿಸಿದಳು. ಮೂರೂವರೆಗೆ ದೋಣಿ ಮತ್ತೆ ಹಗ್ಗದಲ್ಲಿ ಎಳೆಸಿಕೊಂಡು, ಮೂತಿ ಪಶ್ಚಿಮಕ್ಕಿಟ್ಟು, ಅದರ ಜಾಗಕ್ಕೆ ಬಂದು ನಿಂತಿತು. ಹೆಸ್ಟರ್ ಕಾಲುವೆ ದಾರಿಯಲ್ಲಿ ಕಾಯುತ್ತಿದ್ದಳು. ಅಡುಗೆಮನೆ ಕಿಟಕಿ ಅವಳ ಎದುರಿಗೇ ತೆರೆಯಿತು, ಒಂದು ಕೈ ಚಹಾದ ಲೋಟವನ್ನು ಚಾಚಿತು.